ಓಡುವ ಯಂತ್ರದೊಳಗೆ ತೆರೆದ ಹಳೆಯ ಕಡತ

ನನ್ನಿಂದ ಒಬ್ಬ ಮನುಷ್ಯನ ಕಣ್ಣು ಹೋಯಿತು. ಹೀಗೆ ಶುರು ಮಾಡಿದರೆ ನಾಟಕ ಅನ್ನಿಸಬಹುದು, ಅನ್ನಿಸಲಿ. ಸುತ್ತಿ ಬಳಸಿ ಹೇಳಲು ಎರಡು ಸಲ ಕೂತು, ಎರಡು ಸಲವೂ ಹಾಳೆ ಹರಿದು ಬಚ್ಚಲ ಒಲೆಗೆ ಹಾಕಿದ್ದೇನೆ. ಕಣ್ಣು ಹೋದದ್ದನ್ನು ಬೇಕಾದರೆ ಅಪಘಾತ ಎನ್ನಿ. ಆಮೇಲೆ ಆ ಮನುಷ್ಯ ಆಡಿದ ಖರೇ ಮಾತನ್ನು ಸುಳ್ಳು ಎಂದು ಎಲ್ಲರೂ ನಂಬುವಂತೆ ಮಾಡಿದೆವಲ್ಲ, ಅದು ಅಪಘಾತವಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ರಾಯಾಪುರದ ಹತ್ತಿರ, ದೊಡ್ಡ ರಸ್ತೆಯಿಂದ ಸ್ವಲ್ಪ ಒಳಗೆ, ಕೊಳವೆಗಳಿಗೆ ಹಾಕುವ ವಾಲ್ವ್ ತಯಾರಿಸುವ ಕಾರ್ಖಾನೆಯೊಂದಿತ್ತು. ಈಗ ಇಲ್ಲ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಅಲ್ಲಿ ಸೇರಿದ್ದೆ. ನಮ್ಮ ಮನೆ ದೇಶಪಾಂಡೆ ನಗರದಲ್ಲಿ. ದುರ್ಗದಬೈಲಿನಲ್ಲಿ ಸೀರೆ ಅಂಗಡಿ ಇಟ್ಟಿದ್ದ ಅಪ್ಪನಿಗೆ ಮಗಳು ಟಿಫಿನ್ ಡಬ್ಬಿ ಹಿಡಿದು ಕಾರ್ಖಾನೆಯ ಬಸ್ಸು ಹತ್ತುವುದು ಸುತಾರಾಂ ಸೇರುತ್ತಿರಲಿಲ್ಲ. ಬೇಡ ಅಂದಷ್ಟೂ ಮಾಡುವ ಜಾತಿ ನಾನು. ಮೂಗಿನ ತುದಿಯಲ್ಲೇ ಸಿಟ್ಟು, ಯಾರಾದರೂ ನಿನಗೆ ತಿಳಿಯುವುದಿಲ್ಲ ಅಂದರಂತೂ ಮುಗಿಯಿತು. ಇಡೀ ಕಾರ್ಖಾನೆಯಲ್ಲಿ ಕಂಪ್ಯೂಟರಿನ ಮುಂದೆ ಕೂಡುತ್ತಿದ್ದ ಹೆಂಗಸು ನಾನೊಬ್ಬಳೇ ಎಂಬ ಸೊಕ್ಕು ಬೇರೆ.

ನಾನು ಇದ್ದದ್ದು ಪರೀಕ್ಷೆಯ ವಿಭಾಗದಲ್ಲಿ. ಅಲ್ಲಿ ಗೋದ್ರೇಜು ಕಪಾಟಿನಷ್ಟು ದೊಡ್ಡ, ದಪ್ಪ ಉಕ್ಕಿನ ಪೆಟ್ಟಿಗೆ. ತಯಾರಾದ ವಾಲ್ವನ್ನು ಅದರೊಳಗೆ ಬಿಗಿದು, ಬಾಗಿಲು ಹಾಕಿ, ಮೊದಲು ನೀರನ್ನೂ ಆಮೇಲೆ ಗಾಳಿಯನ್ನೂ ಒತ್ತಿ ತುಂಬಿ, ಎಲ್ಲಾದರೂ ಸೋರುತ್ತದೆಯೇ ಎಂದು ನೋಡುವುದು. ಒತ್ತಡ ಇಳಿದ ಮೇಲೆ ಬಾಗಿಲಿನ ಮೇಲಿನ ಹಸಿರು ದೀಪ ಹತ್ತಿ ಒಳಗಿನ ಕೊಂಡಿ ಬಿಡುತ್ತದೆ. ಆಗ ಬಾಗಿಲು ತೆರೆದು ವಾಲ್ವನ್ನು ಹೊರಗೆ ತೆಗೆಯಬೇಕು. ಆ ಕೆಲಸ ಮಾಡುತ್ತಿದ್ದವರು ಮೂವತ್ತೈದರ ಆಸುಪಾಸಿನ ಒಬ್ಬ ಕೆಲಸಗಾರ, ರಾಯಾಪುರದವರೇ. ಮಾತು ಕಡಿಮೆ, ಕೈ ಚೊಕ್ಕ. ನನಗಿಂತ ಹತ್ತು ವರ್ಷ ದೊಡ್ಡವರಾದರೂ ನನ್ನನ್ನು ಅಕ್ಕಾರ ಎಂದು ಕರೆಯುತ್ತಿದ್ದರು.

ದೀಪ, ಕೊಂಡಿ, ಪಂಪು ಎಲ್ಲವನ್ನೂ ನಡೆಸುತ್ತಿದ್ದದ್ದು ಪಕ್ಕದ ಗಾಜಿನ ಕೋಣೆಯ ಒಂದೇ ಒಂದು ಕಂಪ್ಯೂಟರು. ಅದರ ಪ್ರೋಗ್ರಾಮು ಸ್ಮಾಲ್‌ಟಾಕ್ ಎಂಬ ಭಾಷೆಯಲ್ಲಿತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನಾನು ಮಾಡಿದ್ದು ಏನು ಎಂದೇ ತಿಳಿಯುವುದಿಲ್ಲ. ಬೇರೆ ಭಾಷೆಗಳಲ್ಲಿ ಪ್ರೋಗ್ರಾಮನ್ನು ಒಂದು ಕಡತದಲ್ಲಿ ಬರೆಯುತ್ತಾರೆ. ಬದಲಿಸಬೇಕಾದರೆ ನಿಲ್ಲಿಸಿ, ತಿದ್ದಿ, ಮತ್ತೆ ಓಡಿಸುತ್ತಾರೆ. ಸ್ಮಾಲ್‌ಟಾಕಿನಲ್ಲಿ ನಿಲ್ಲಿಸುವ ಮಾತೇ ಇಲ್ಲ. ಅದು ಓಡುತ್ತಲೇ ಇರುತ್ತದೆ, ಓಡುತ್ತಿರುವಾಗಲೇ ಒಳಗೆ ಕೈಹಾಕಿ ಒಂದು ತುಣುಕು ತೆಗೆದು ಇನ್ನೊಂದು ಇಡುತ್ತೇವೆ, ಮಗ್ಗದ ಮೇಲೆ ಸೀರೆ ನೇಯುತ್ತಿರುವಾಗಲೇ ಎಳೆ ಬದಲಿಸಿದ ಹಾಗೆ. ಸಂಜೆ ಹೋಗುವಾಗ ಇಡೀ ಸ್ಥಿತಿಯನ್ನು ಇದ್ದಂತೆಯೇ ಉಳಿಸಿದರೆ ಮರುದಿನ ಅಲ್ಲಿಂದಲೇ ಮುಂದಕ್ಕೆ. ಹಾಗೆ ಉಳಿಸಿದ್ದಕ್ಕೆ ಇಮೇಜು ಎನ್ನುತ್ತಿದ್ದೆವು. ಪ್ರೋಗ್ರಾಮಿನ ಮೂಲ ಬರಹದ ಕಡತಗಳು ಡಿಸ್ಕಿನಲ್ಲಿ ಬೇರೆಯೇ ಇರುತ್ತವೆ, ಅವು ಬರೀ ಅಕ್ಷರ. ಆದರೆ ಅಂಥದೊಂದು ಕಡತವನ್ನು ಓಡುತ್ತಿರುವ ಇಮೇಜಿನೊಳಗೆ ತೆಗೆದುಕೊಂಡರೆ, ಅದರಲ್ಲಿ ಬರೆದದ್ದೆಲ್ಲ ಆ ಕ್ಷಣದಿಂದಲೇ ಜಾರಿ. ಈ ಮೊದಲು ಆ ಜಾಗದಲ್ಲಿ ಏನಿತ್ತು ಎಂದು ಅದು ಕೇಳುವುದಿಲ್ಲ.

ನನಗೆ ಇದನ್ನೆಲ್ಲ ಕಲಿಸಿದವರು ನಮ್ಮ ಹಿರಿಯ ಎಂಜಿನಿಯರು. ಧಾರವಾಡದವರು, ಮೆಲುದನಿ, ನಿವೃತ್ತಿಗೆ ನಾಲ್ಕೈದು ವರ್ಷ ಉಳಿದಿತ್ತು. ಪರವೂರಿನ ಕಂಪನಿಯೊಂದು ಯಂತ್ರದ ಜೊತೆ ಕೊಟ್ಟ ಪ್ರೋಗ್ರಾಮನ್ನು ಅವರು ವರ್ಷಗಟ್ಟಲೆ ಓಡುತ್ತಿರುವಾಗಲೇ ತಿದ್ದಿ ತಿದ್ದಿ ತಮ್ಮದನ್ನಾಗಿ ಮಾಡಿಕೊಂಡಿದ್ದರು. ತಿದ್ದಿದ್ದನ್ನು ಹೊರಗೆ ಕಡತಕ್ಕೆ ಬರೆದಿಡುವುದು ಮಾತ್ರ ಅವರ ರೂಢಿಯಲ್ಲಿರಲಿಲ್ಲ. ನಾನು ಒಮ್ಮೆ ಕೇಳಿದ್ದಕ್ಕೆ, ಇಮೇಜು ಇರುವಾಗ ಕಡತ ಯಾಕೆ, ಜೀವಂತ ಮನುಷ್ಯ ಎದುರಿಗೆ ಕೂತಿರುವಾಗ ಅವನ ಹಳೆಯ ಫೋಟೋ ನೋಡುತ್ತಾರೇನು ಎಂದು ನಕ್ಕಿದ್ದರು. ನನಗೂ ಅದು ಬಹಳ ಛಲೋ ಮಾತು ಅನ್ನಿಸಿತ್ತು.

ಅವರು ಮಾಡಿದ ತಿದ್ದುಪಡಿಗಳಲ್ಲಿ ಒಂದು, ನಲವತ್ತು ಸೆಕೆಂಡಿನ ಕಾಯುವಿಕೆ. ರಾಯಾಪುರದ ಬೋರಿನ ನೀರು ಎಷ್ಟು ಗಡಸು ಎಂದು ಅಲ್ಲಿ ಬಟ್ಟೆ ಒಗೆದವರಿಗೆ ಗೊತ್ತು. ವಾಲ್ವಿಗೆ ತುಂಬಿದ ಗಾಳಿ ಹೊರಹೋಗುವ ಸಣ್ಣ ತೂತಿಗೆ ಆ ನೀರಿನ ಸುಣ್ಣ ಕಟ್ಟುತ್ತಿತ್ತು. ಒತ್ತಡ ಅಳೆಯುವ ಸಾಧನ ಇದ್ದದ್ದು ತೂತಿನಿಂದ ಆಚೆಯ ಕೊಳವೆಯಲ್ಲಿ. ಅಲ್ಲಿ ಸೊನ್ನೆ ತೋರಿಸಿದರೂ ಈಚೆ ವಾಲ್ವಿನ ಹೊಟ್ಟೆಯೊಳಗೆ ಇನ್ನೂ ಗಾಳಿ ತುಂಬಿಕೊಂಡಿರುತ್ತಿತ್ತು. ಹಿರಿಯರು ಇದನ್ನು ಕಂಡುಹಿಡಿದು, ಸೊನ್ನೆ ಬಂದ ಮೇಲೂ ನಲವತ್ತು ಸೆಕೆಂಡು ಕಾದು ಆಮೇಲೆ ಹಸಿರು ದೀಪ ಹತ್ತಿಸು ಎಂದು ನಾಲ್ಕು ಸಾಲು ಬರೆದರು, ಇಮೇಜಿನೊಳಗೆ. ಮ್ಯಾನೇಜರಿಗೆ ಹೇಳಲಿಲ್ಲ. ಹೇಳಿದ್ದರೆ ಒಂದು ವಾಲ್ವಿಗೆ ನಲವತ್ತು ಸೆಕೆಂಡು ದಂಡ ಎಂದು ಅವನು ಕುಣಿದಾಡುತ್ತಿದ್ದ. ಆ ಸಾಲುಗಳ ಬಗ್ಗೆ ನನಗೂ ಹೇಳಿರಲಿಲ್ಲ. ಹೀಗೆ ಒಬ್ಬ ಮನುಷ್ಯನ ಕಣ್ಣು ಕಾಯುತ್ತಿದ್ದದ್ದು ಯಾವ ಕಾಗದದ ಮೇಲೂ ಇಲ್ಲದ ನಾಲ್ಕು ಸಾಲು.

ಆ ವರ್ಷ ಗುಣಮಟ್ಟದ ಪ್ರಮಾಣಪತ್ರದ ಹುಚ್ಚು. ಎಲ್ಲ ಕಾರ್ಖಾನೆಯವರಿಗೂ ಗೇಟಿನ ಮುಂದೆ ಅದರ ಬೋರ್ಡು ಬೇಕು. ಪರಿಶೀಲನೆಗೆ ಬರುವವರು ಎಲ್ಲವನ್ನೂ ಕಾಗದದಲ್ಲಿ ಕೇಳುತ್ತಾರೆ ಎಂದು ಮ್ಯಾನೇಜರು ನನ್ನನ್ನು ಕರೆದು, ಪರೀಕ್ಷೆಯ ಪ್ರೋಗ್ರಾಮನ್ನು ಪೂರ್ತಿ ಅಚ್ಚು ಹಾಕಿ ಕೊಡು ಅಂದ. ಹಿರಿಯರು ಅಂದು ರಜೆಯಲ್ಲಿದ್ದರು. ನಾಳೆ ಅವರನ್ನು ಕೇಳಿ ಕೊಡುತ್ತೇನೆ ಎಂದೆ. ಅವನು, ನಿನಗೆ ಬರುವುದಿಲ್ಲವೇನು ಎಂದ. ಅಷ್ಟು ಸಾಕಾಯಿತು ನನಗೆ.

ಅಂದೇ, ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ, ಗಾಜಿನಾಚೆ ಯಂತ್ರ ಓಡುತ್ತಿರುವಾಗಲೇ, ಅದೇ ಕಂಪ್ಯೂಟರಿನ ಮುಂದೆ ಕೂತೆ. ಸ್ಮಾಲ್‌ಟಾಕು ಇದ್ದದ್ದು ಅದೊಂದರಲ್ಲೇ. ಕಡತಗಳ ಪಟ್ಟಿ ತೆರೆದೆ. ಯಂತ್ರ ಮಾರಿದ ಕಂಪನಿಯವರು ಮೊದಲು ಕೊಟ್ಟಿದ್ದ ಹಳೆಯ ಕಡತ ಸಿಕ್ಕಿತು. ಅದರ ಹೆಸರಿನ ಮೇಲೆ ಮೌಸಿನ ಗುಂಡಿ ಒತ್ತಿದರೆ ಒಂದು ಸಣ್ಣ ಪಟ್ಟಿ ಇಳಿಯುತ್ತದೆ. ಕಡತದಲ್ಲಿ ಏನಿದೆ ಎಂದು ತೋರಿಸು ಎನ್ನುವ ಸಾಲು ಮೇಲೆ, ಕಡತವನ್ನು ಒಳಗೆ ತೆಗೆದುಕೋ ಎನ್ನುವ ಸಾಲು ಅದರ ಕೆಳಗೇ. ನಾನು ಒಳಗೆ ತೆಗೆದುಕೊಂಡೆ. ಕೈತಪ್ಪಿ ಅಲ್ಲ. ಕಡತ ತೆರೆಯುವುದೆಂದರೆ ಹಾಗೆಯೇ ಎಂದುಕೊಂಡಿದ್ದೆ. ಇಮೇಜಿನೊಳಗೆ ಬಂದರಲ್ಲವೇ ಅಲ್ಲಿಂದ ಅಚ್ಚು ಹಾಕಲು ಬರುವುದು? ಹಿರಿಯರು ಯಾವತ್ತೂ ಕಡತ ಮುಟ್ಟದವರು, ನಾನೂ ಅವರ ಶಿಷ್ಯೆ, ಕಡತವನ್ನು ಸುಮ್ಮನೆ ಓದಬಹುದು ಎಂಬುದೇ ನನ್ನ ತಲೆಗೆ ಹೊಳೆಯಲಿಲ್ಲ.

ಒಂದು ಚಿಕ್ಕ ಕಿಟಕಿಯಲ್ಲಿ ಹೆಸರುಗಳು ಸರಸರ ಮೇಲೆ ಹೋದವು. ಅಷ್ಟೇ. ಯಂತ್ರ ನಿಲ್ಲಲಿಲ್ಲ, ಗಂಟೆ ಬಾರಿಸಲಿಲ್ಲ. ಏನಾದರೂ ಕೆಟ್ಟಿದ್ದರೆ ತಿಳಿಯುತ್ತಿತ್ತಲ್ಲ, ಅದಕ್ಕೇನೂ ಆಗಿಲ್ಲ ಎಂದುಕೊಂಡು ಅಚ್ಚು ತೆಗೆದು, ಮೂಲೆಗೆ ದಾರ ಕಟ್ಟಿ ಕೊಟ್ಟೆ. ಸಂಜೆ ಎಂದಿನಂತೆ ಇಮೇಜು ಉಳಿಸಿ ಮನೆಗೆ ಹೋದೆ. ಅಪ್ಪನ ಎದುರು ಇಡೀ ಕೆಲಸ ನಾನೊಬ್ಬಳೇ ಮಾಡಿದೆ ಎಂದು ಕೊಚ್ಚಿಕೊಂಡದ್ದೂ ನೆನಪಿದೆ.

ಎರಡು ದಿನ ಬಿಟ್ಟು ಆ ಕೆಲಸಗಾರ ಗಾಜಿನ ಕೋಣೆಯ ಬಾಗಿಲಿಗೆ ಬಂದು ನಿಂತರು. ಒಳಗೆ ಬರುವ ಮೊದಲು ಚಪ್ಪಲಿ ಬಿಡಬೇಕೋ ಬೇಡವೋ ಎಂದು ಪ್ರತಿಸಲ ಅನುಮಾನಿಸುವ ಮನುಷ್ಯ.

"ಅಕ್ಕಾರ, ಬಾಗಲಾ ಮೊದಲಿನಕಿಂತಾ ಲಗೂ ತೆರಿಯಾಕತ್ತೈತ್ರಿ. ಏನರ ಬದಲಿ ಮಾಡೀರೇನ್ರಿ?"

ನಾನು ಪರಿಶೀಲನೆಯ ಕಾಗದಗಳಲ್ಲಿ ಮುಳುಗಿದ್ದೆ. ತಲೆಯನ್ನೂ ಎತ್ತಲಿಲ್ಲ.

"ತಡಾ ಆದ್ರೂ ನಿಮಗ ತಕರಾರ, ಲಗೂ ಆದ್ರೂ ತಕರಾರ. ನಿಮ್ಮ ಕೆಲಸಾ ನೀವು ನೋಡ್ಕೋರಿ."

ಅವರು ಆತ್ರಿ ಎಂದು ಹೋದರು. ಹಿರಿಯರಿಗಾದರೂ ಹೇಳುತ್ತಿದ್ದರೇನೋ, ನಾನು ಹಾಗೆ ಹರಿಹಾಯ್ದ ಮೇಲೆ ಯಾರಿಗೂ ಹೇಳಲಿಲ್ಲ. ಆ ತಿಂಗಳು ತೂತಿನ ಸುಣ್ಣವನ್ನು ಹೊಸದಾಗಿ ಕೆರೆದಿದ್ದರಿಂದ ಕೆಲವು ದಿನ ಏನೂ ಆಗಲಿಲ್ಲ. ಪರಿಶೀಲನೆಯವರು ಬಂದು, ಕಾಗದ ನೋಡಿ, ಊಟ ಮಾಡಿ ಹೋದರು.

ಮುಂದಿನ ವಾರದ ಕೊನೆಯಲ್ಲಿ, ಮಧ್ಯಾಹ್ನದ ಊಟದ ಗಂಟೆಗೆ ಸ್ವಲ್ಪ ಮೊದಲು, ಒಂದು ಶಬ್ದ ಕೇಳಿಸಿತು. ದೊಡ್ಡದೇನಲ್ಲ. ಓಡಿ ಹೋದಾಗ ಅವರು ಪೆಟ್ಟಿಗೆಯ ಮುಂದೆ ಮೊಣಕಾಲೂರಿ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದರು. ಬಿಗಿ ಸಡಿಲಿಸುತ್ತಿದ್ದಂತೆ ವಾಲ್ವಿನ ಮುಚ್ಚಳ ಒಳಗಿನ ಗಾಳಿಗೆ ಹಾರಿ ಬಲಗಣ್ಣಿಗೆ ಬಡಿದಿತ್ತು. ಬೆರಳ ಸಂದಿನಿಂದ ರಕ್ತ ಇಳಿದು ಅಂಗಿಯ ತೋಳಿನೊಳಗೆ ಹೋಗುತ್ತಿತ್ತು. ಎದುರಿಗಿದ್ದ ಬಾಗಿಲು ಪೂರ್ತಿ ತೆರೆದಿತ್ತು.

ಆಸ್ಪತ್ರೆಗೆ ಜೀಪಿನಲ್ಲಿ ಕರೆದುಕೊಂಡು ಹೋಗುವಾಗ ಅವರು ಒಂದೇ ಮಾತು ಹೇಳುತ್ತಿದ್ದರಂತೆ. ಮರುದಿನ ಮ್ಯಾನೇಜರಿಗೂ ಅದನ್ನೇ ಹೇಳಿದರು, ಆಗ ನಾನು ಅಲ್ಲೇ ಇದ್ದೆ. ಅರ್ಧ ಮುಖಕ್ಕೆ ಪಟ್ಟಿ ಕಟ್ಟಿತ್ತು. ಬಾಗಿಲು ಬೇಗ ತೆರೆಯುತ್ತಿದೆ ಎಂದು ನನಗೆ ಹೇಳಿದ್ದನ್ನು, ಆ ನೋವಿನಲ್ಲಿ ಮರೆತರೋ ಏನೋ, ಅಲ್ಲಿ ಎತ್ತಲಿಲ್ಲ.

"ಹಸರ ದೀಪ ಹತ್ತಿತ್ರಿ ಸಾಹೇಬ್ರ. ಹತ್ತಿದ ಮ್ಯಾಲೇ ಕೈ ಹಾಕೇನ್ರಿ."

ಇತ್ತ, ಅಪಘಾತವಾದ ದಿನವೇ, ಎಲ್ಲರೂ ಆಸ್ಪತ್ರೆಯ ಗಡಿಬಿಡಿಯಲ್ಲಿದ್ದಾಗ ಹಿರಿಯರು ಗಾಜಿನ ಕೋಣೆಯಲ್ಲಿ ಒಬ್ಬರೇ ಕೂತಿದ್ದರು. ಸ್ಮಾಲ್‌ಟಾಕಿನಲ್ಲಿ ಬದಲಾವಣೆಗಳ ಕಡತ ಎಂದು ಒಂದಿರುತ್ತದೆ. ಇಮೇಜಿನೊಳಗೆ ಏನು ಬದಲಾದರೂ ಅದರ ಪ್ರತಿ ಅದರಲ್ಲಿ ತಾನಾಗಿ ದಾಖಲಾಗುತ್ತ ಹೋಗುತ್ತದೆ, ಹಳೆಯದೂ ಹೊಸದೂ. ಅವರು ಅದನ್ನು ಓದಿದರು. ನಾನು ಒಳಗೆ ಹೋದಾಗ ತಿರುಗಿ ನೋಡಲಿಲ್ಲ.

"ಹ್ವಾದ ವಾರ ಮಂಗಳವಾರ ಹತ್ತೂವರಿಗೆ ಇಲ್ಲಿ ಕೂತಾಕಿ ನೀನ. ಹೌದಿಲ್ಲೋ?"

ಏನಾಯಿತು ಎಂದು ಅವರೇ ಬಿಡಿಸಿ ಹೇಳಿದರು. ಆ ಹಳೆಯ ಕಡತ ಮುಟ್ಟಿದ್ದು ಬಾಗಿಲು, ದೀಪದ ಭಾಗವನ್ನು ಮಾತ್ರ. ಅಲ್ಲಿದ್ದ ನಾಲ್ಕು ಸಾಲು ಹೋಗಿದ್ದವು, ಅವುಗಳ ಜಾಗದಲ್ಲಿ ಕಾಯಲು ಗೊತ್ತಿಲ್ಲದ ಹಳೆಯ ಸಾಲು ಬಂದು ಕೂತಿತ್ತು. ಆ ಕೆಲಸಗಾರ ಬಾಗಿಲಿಗೆ ಬಂದು ನನ್ನನ್ನು ಕೇಳಿದ್ದು ಆ ಕ್ಷಣವೇ ನೆನಪಾಯಿತು, ಆದರೆ ಅದನ್ನು ಹಿರಿಯರಿಗೆ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ. ಈಗಲೇ ಮೊದಲು.

ಅವರು ಎರಡು ಕೆಲಸ ಮಾಡಿದರು. ಮೊದಲು ಬದಲಾವಣೆಗಳ ಕಡತದಿಂದ ತಮ್ಮ ನಾಲ್ಕು ಸಾಲು ಹುಡುಕಿ ತಿರುಗಿ ಇಮೇಜಿನೊಳಗೆ ಹಾಕಿದರು. ಅದು ಸರಿಯೇ, ಮತ್ತೊಬ್ಬರಿಗೆ ಪೆಟ್ಟಾಗಬಾರದಲ್ಲ. ಆಮೇಲೆ, ಬದಲಾವಣೆಗಳ ಕಡತ ತೀರ ಬೆಳೆದಾಗ ಅದನ್ನು ಸಣ್ಣದು ಮಾಡಲು ಒಂದು ಆಜ್ಞೆ ಇರುತ್ತದೆ. ಪ್ರತಿಯೊಂದರ ಕೊನೆಯ ರೂಪ ಮಾತ್ರ ಉಳಿಸಿ ಹಿಂದಿನದೆಲ್ಲ ಅಳಿಸುತ್ತದೆ. ಅದನ್ನು ಕೊಟ್ಟರು. ಮಂಗಳವಾರ ಹತ್ತೂವರೆ ಎಂಬುದು ಲೋಕದಲ್ಲಿ ಎಲ್ಲಿಯೂ ಇಲ್ಲದಂತಾಯಿತು.

"ನೀ ಸುಮ್ಮನಿರು, ನಾನೂ ಸುಮ್ಮನಿರ್ತೇನಿ," ಅಂದರು. "ಬಾಯಿ ಬಿಟ್ರ ಇಬ್ಬರೂ ಹೋಗ್ತೇವಿ."

ನನ್ನನ್ನು ಉಳಿಸಲು ಹಾಗೆ ಮಾಡಿದರು ಎಂದು ಬಹಳ ವರ್ಷ ನಾನು ನಂಬಿಕೊಂಡಿದ್ದೆ. ಪುಣ್ಯಾತ್ಮ ತಮ್ಮನ್ನೂ ಉಳಿಸಿಕೊಂಡರು. ಯಾರನ್ನೂ ಕೇಳದೆ ಪ್ರೋಗ್ರಾಮು ತಿದ್ದಿದ್ದು, ತಿದ್ದಿ ಬರೆದಿಡದೆ ಇದ್ದದ್ದು, ಎರಡೂ ಅವರ ಕೊರಳಿಗೇ ಬರುತ್ತಿತ್ತು. ಅವರ ಮೇಲೆ ಹಾಕಿ ನಾನು ಕೈತೊಳೆದುಕೊಳ್ಳುತ್ತಿಲ್ಲ. ಸುಮ್ಮನಿರು ಅಂದಾಗ ನನ್ನ ಎದೆಯಿಂದ ಕಲ್ಲು ಇಳಿದಂತಾಯಿತು. ಅದನ್ನು ಒಪ್ಪಿಕೊಳ್ಳಲು ಇವತ್ತಿಗೂ ನಾಚಿಕೆ.

ನಾಲ್ಕನೆಯ ದಿನ ವಿಚಾರಣೆ. ಮ್ಯಾನೇಜರು, ಮುಖ್ಯ ಕಚೇರಿಯಿಂದ ಬಂದ ಇಬ್ಬರು, ಕೆಲಸಗಾರರ ಪರವಾಗಿ ಒಬ್ಬ, ಎಲ್ಲರೂ ಪೆಟ್ಟಿಗೆಯ ಸುತ್ತ ನಿಂತರು. ಸೊನ್ನೆ ಬಂದ ಮೇಲೂ ನಲವತ್ತು ಸೆಕೆಂಡು ಕಾಯುವುದು ಮೊದಲಿನಿಂದ ಇದ್ದದ್ದೇ ಎಂಬಂತೆ ಹೇಳಿ ಹಿರಿಯರು ಯಂತ್ರ ಓಡಿಸಿದರು. ಒತ್ತಡ ಸೊನ್ನೆಗೆ ಬಂತು. ಎಲ್ಲರೂ ಕೈಗಡಿಯಾರ ನೋಡುತ್ತಿದ್ದರು. ನಲವತ್ತು ಸೆಕೆಂಡು ಆದ ಮೇಲೆ ದೀಪ ಹತ್ತಿತು. ಇನ್ನೊಮ್ಮೆ, ಮತ್ತೊಮ್ಮೆ, ಐದು ಸಲ. ಐದು ಸಲವೂ ಕಾಯಿತು. ಕೊನೆಗೆ ಕೆಲಸಗಾರರ ಪರವಾಗಿ ಬಂದವನೇ ತಲೆ ತಗ್ಗಿಸಿದ. ಕಬ್ಬಿಣದ ತುಂಡಿನಿಂದ ಕೊಂಡಿ ಎಬ್ಬಿಸಿರಬೇಕು, ಊಟದ ಹೊತ್ತಾಗಿತ್ತಲ್ಲ, ಅವಸರ ಮಾಡಿದ್ದಾನೆ ಎಂದು ಬರೆದುಕೊಂಡರು. ಪ್ರೋಗ್ರಾಮಿನಲ್ಲಿ ಏನಾದರೂ ಹೆಚ್ಚುಕಡಿಮೆ ಆಗಿರಬಹುದೇ ಎಂದು ಒಬ್ಬರು ನನ್ನ ಕಡೆ ತಿರುಗಿ ಕೇಳಿದರು. ಇಲ್ಲ ಎಂದೆ.

ಇನ್ನೊಂದಿದೆ. ನಾನು ದಾರ ಕಟ್ಟಿ ಕೊಟ್ಟಿದ್ದ ಅಚ್ಚು ಆಫೀಸಿನ ಕಪಾಟಿನಲ್ಲಿತ್ತು. ಅದರಲ್ಲಿ ಆ ನಾಲ್ಕು ಸಾಲು ಇರಲಿಲ್ಲ. ಯಾರಾದರೂ ಅದನ್ನೂ ಯಂತ್ರವನ್ನೂ ಹೋಲಿಸಿ ನೋಡಿದ್ದರೆ ಆ ಮನುಷ್ಯನ ಮಾತು ಉಳಿಯುತ್ತಿತ್ತು. ವಿಚಾರಣೆಯ ಹಿಂದಿನ ದಿನ ನಾನು ಆ ಒಂದು ಪುಟವನ್ನು ತೆಗೆದು, ಹೊಸ ಪುಟ ಅಚ್ಚು ಹಾಕಿ, ಅದೇ ತೂತಿಗೆ ಅದೇ ದಾರ ಪೋಣಿಸಿ ಇಟ್ಟೆ. ಇದನ್ನು ನನಗೆ ಹಿರಿಯರು ಹೇಳಿರಲಿಲ್ಲ. ನನಗೇ ಹೊಳೆದದ್ದು.

ಕಣ್ಣು ಕಳೆದುಕೊಂಡವರನ್ನೇ ಕೆಲಸದಿಂದ ತೆಗೆದರು. ಕ್ಯಾಂಟೀನಿನಲ್ಲಿ ಕೆಲವು ದಿನ ಮಾತಾಯಿತು. ದೀಪ ಹತ್ತಿತ್ತಂತೆ, ನೋಡ್ರಿ ಸುಳ್ಳು, ಎಂದು ನಗುವವರೂ ಇದ್ದರು. ನಾನು ಡಬ್ಬಿ ತೆಗೆದುಕೊಂಡು ಗಾಜಿನ ಕೋಣೆಯಲ್ಲೇ ಉಣ್ಣಲು ಶುರು ಮಾಡಿದೆ.

ಎರಡು ಸಾವಿರದ ಇಸವಿಯ ನಂತರ ಹಿರಿಯರು ನಿವೃತ್ತರಾದರು, ಆಮೇಲೆ ತೀರಿಕೊಂಡರು. ಕಾರ್ಖಾನೆಯೂ ಕೆಲವು ವರ್ಷಗಳಲ್ಲಿ ಮುಚ್ಚಿತು. ಪೆಟ್ಟಿಗೆಯನ್ನು ಗ್ಯಾಸಿನಿಂದ ಕೊಯ್ದು ಲಾರಿಗೆ ಹೇರಿದರು. ಕಂಪ್ಯೂಟರು ಗುಜರಿಗೆ ಹೋಯಿತು. ನನ್ನನ್ನು ಹಿಡಿಯುವವರಾಗಲಿ ಹಿಡಿಯುವ ಸಾಕ್ಷಿಯಾಗಲಿ ಎಲ್ಲಿಯೂ ಉಳಿಯಲಿಲ್ಲ. ಆಗ ನನಗೆ ಧೈರ್ಯ ಬಂತು. ಇಂಥ ಧೈರ್ಯಕ್ಕೆ ಬೆಂಕಿ ಬೀಳಲಿ.

ರಾಯಾಪುರದಲ್ಲಿ ಆ ಕೆಲಸಗಾರರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಒಂದು ಕಣ್ಣಿನವರು ಎಂದರೆ ಎಲ್ಲರೂ ತೋರಿಸಿದರು. ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡಿಕೊಂಡಿದ್ದರು. ಭಾನುವಾರ ಬೆಳಿಗ್ಗೆ, ಮನೆಯಲ್ಲೇ ಇದ್ದರು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಅವರ ಹೆಂಡತಿ ಖಡಕ್ ರೊಟ್ಟಿ ಮಾಡಿ ಅಂಗಡಿಗಳಿಗೆ ಹಾಕುತ್ತಿದ್ದರಂತೆ. ಆ ಕೆಲಸಗಾರರಿಗೆ ನನ್ನ ಗುರುತು ತಕ್ಷಣ ಸಿಕ್ಕಿತು. ಬರ್ರಿ ಅಕ್ಕಾರ ಎಂದು ಕುರ್ಚಿಯ ಮೇಲಿನ ಬಟ್ಟೆ ತೆಗೆದರು. ಕಾರ್ಖಾನೆ ಮುಚ್ಚಿದ್ದಕ್ಕೆ ಮರುಗಿದರು. ನಾನು ಹೇಗೆ ಶುರು ಮಾಡಲಿ ಎಂದು ಒದ್ದಾಡುತ್ತಿದ್ದೆ. ಅವರೇ ಮಾತು ತೆಗೆದರು.

"ಅವಸರಾ ನಂದ ಇತ್ರಿ. ಮೊದಮೊದಲ ದೀಪ ಹತ್ತಿತ್ತು ಅಂತ ಎಲ್ಲಾರ ಕೂಡ ಜಗಳಾಡತಿದ್ನಿ. ಐದ ಸಲಾ ಹಚ್ಚಿ ನೋಡ್ಯಾರಂತ. ಆಮ್ಯಾಲ ನನಗೂ ಹಂಗ ಅನಸ್ತು, ಹತ್ತಿರಲಿಕ್ಕಿಲ್ಲ ಅಂತ."

ಬೈಗುಳಕ್ಕೆ ತಯಾರಾಗಿ ಹೋಗಿದ್ದೆ. ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಆ ಮನುಷ್ಯ ತನ್ನ ಕಣ್ಣಿನಿಂದ ತಾನೇ ನೋಡಿದ್ದನ್ನು ನಮ್ಮ ಸುಳ್ಳಿಗಾಗಿ ಬಿಟ್ಟುಕೊಟ್ಟಿದ್ದಾನೆ ಎಂದು ನನಗೆ ಗೊತ್ತಿರಲಿಲ್ಲ. ದೀಪ ಹತ್ತಿತ್ತು, ನೀವು ಹೇಳಿದ್ದು ಖರೇ, ತಪ್ಪು ನನ್ನದು ಎಂದೆ. ಇಮೇಜು, ಕಡತ, ನಾಲ್ಕು ಸಾಲು, ಅಳಿಸಿದ್ದು, ಪುಟ ಬದಲಿಸಿದ್ದು, ಎಲ್ಲ ಹೇಳಿದೆ. ಅವರಿಗೆ ಎಷ್ಟು ತಿಳಿಯಿತೋ.

"ಇನ್ನೊಮ್ಮೆ ಹೇಳ್ರಿ," ಅಂದರು. "ಆಕಿನ್ನ ಕರೀತೇನಿ. ಆಕಿ ಮುಂದ ಹೇಳ್ರಿ."

ಒಳಗೆ ರೊಟ್ಟಿಯ ಸಪ್ಪಳ ನಿಂತಿತು. ಹೆಂಡತಿ ಕೈಗೆ ಮೆತ್ತಿದ ಹಿಟ್ಟಿನ ಜೊತೆಯೇ ಬಂದು ಬಾಗಿಲಿಗೆ ಒರಗಿ ನಿಂತರು. ನಾನು ಮೊದಲಿನಿಂದ ಹೇಳಬೇಕಾಯಿತು. ಎರಡನೆಯ ಸಲ ಕಂಪ್ಯೂಟರಿನ ಮಾತು ಯಾವುದೂ ಬಾಯಿಗೆ ಬರಲಿಲ್ಲ. ನಾನು ಕೆಡಿಸಿದೆ, ಗೊತ್ತಿದ್ದೂ ಮುಚ್ಚಿಟ್ಟೆ, ಇವರು ಸುಳ್ಳು ಹೇಳಿರಲಿಲ್ಲ, ಇಷ್ಟೇ.

ಹೆಂಡತಿ ಅಳಲಿಲ್ಲ, ಬೈಯಲಿಲ್ಲ. ಇಷ್ಟು ವರ್ಷ ಎಲ್ಲಿದ್ದಿರಿ ಎಂದು ಕೇಳಿದರು. ಇಲ್ಲೇ, ದೇಶಪಾಂಡೆ ನಗರದಲ್ಲಿ ಎಂದೆ. ಅಲ್ಲಿಯ ಅಂಗಡಿಗೆ ವಾರಕ್ಕೆ ಎರಡು ಸಲ ರೊಟ್ಟಿ ಕೊಡಲು ಬರುತ್ತೇನೆ ಎಂದರು. ಅದನ್ನೂ ಸಿಟ್ಟಿನಿಂದ ಹೇಳಲಿಲ್ಲ. ಆಮೇಲೆ ನನ್ನ ಕಡೆ ನೋಡುವುದನ್ನು ಬಿಟ್ಟು ಗಂಡನ ಹತ್ತಿರ ಹೋಗಿ ನೆಲದ ಮೇಲೆ ಕೂತರು.

"ಒಂದ ಲೋಟಾ ಕೈಯಾಗಿಂದ ಜಾರಿದ್ರೂ ನೀವು ಅವಸರದಾವ್ರು ಅಂತ ಹಂಗಿಸಿದ್ನೆಲ್ರಿ," ಅಂದರು. "ನಾನೂ ನಿಮ್ಮನ್ನ ನಂಬಲಿಲ್ಲ."

ಅವರು ಹೆಂಡತಿಯ ಕೈಗೆ ಅಂಟಿ ಒಣಗಿದ್ದ ಹಿಟ್ಟನ್ನು ಬೆರಳಿನಿಂದ ಬಿಡಿಸುತ್ತ ಕೂತಿದ್ದರು.

"ನನ್ನ ನಾನ ನಂಬಲಿಲ್ಲ. ನಿಂದೇನೈತಿ ಬಿಡು."

ನಾನು ಅಲ್ಲಿರುವುದು ಇಬ್ಬರಿಗೂ ಮರೆತುಹೋಗಿತ್ತು. ಕೂಡ್ರಿ ಎಂದೂ ಅನ್ನಲಿಲ್ಲ, ಹೋಗ್ರಿ ಎಂದೂ ಅನ್ನಲಿಲ್ಲ.